ಬೀದರಿನಲ್ಲಿ ಎರಡು ಹಗಲು

ಇರಾನಿನ ಶಿರಾಜ್ ಊರಿನ ಮಹಾಕವಿ ಹಾಫಿಜ್ ಒಮ್ಮೆ ನಮ್ಮ ಕಡೆಗೆ ಹೊರಟಿದ್ದನಂತೆ. ಕಲಬುರಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ದಾರಿಖರ್ಚಿಗೆ ಹಣ ಕಳಿಸಿ ಕರೆದಿದ್ದ. ಕವಿ ಹೊರ್ಮುಜ್ ಬಂದರಿನವರೆಗೂ ಬಂದ, ಹಡಗನ್ನೂ ಹತ್ತಿದ. ಬಿರುಗಾಳಿ ಎದ್ದದ್ದೇ ತಡ, ಇಳಿದು ಊರಿಗೆ ವಾಪಸು ಹೋದ. ಇದು ಇತಿಹಾಸಕಾರ ಫಿರಿಷ್ತಾ ಹೇಳುವ ಕತೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರ ಗಂಡ ಹೆಂಡತಿಯದು ಇದೇ ಕತೆಯ ಉಲ್ಟಾ ದಾರಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಇರಾನಿನ ನೀಲಿ ಟೈಲ್ಸಿನ ಊರು ಇಸ್ಫಹಾನ್ ನೋಡಿಬರೋಣ ಅಂದುಕೊಂಡಿದ್ದರು. ವೀಸಾ, ಟಿಕೆಟ್ಟಿನ ದರ, ಟಿವಿಯಲ್ಲಿ ಆ ಕಡೆಯ ಯುದ್ಧದ ಸುದ್ದಿ ಎಲ್ಲ ಸೇರಿ ಹಡಗು ಹತ್ತುವ ಮೊದಲೇ ಬಿರುಗಾಳಿ. ಕೊನೆಗೆ ಆಕೆಯೇ ಅಂದದ್ದು: “ರೀ, ಆ ನೀಲಿ ಟೈಲ್ಸು ನಮ್ಮ ಬೀದರಲ್ಲೂ ಇದೆಯಂತಲ್ಲ, ಎರಡು ದಿನ ಅಲ್ಲಿಗೇ ಹೋಗ್ಬರೋಣ.”

ಇದನ್ನು ಸಮಾಧಾನಕರ ಬಹುಮಾನ ಎಂದುಕೊಂಡರೆ ತಪ್ಪು. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನಿನ ವ್ಯಾಪಾರಿಗಳು, ಸೂಫಿಗಳು, ಲಿಪಿಕಾರರು ಸಾಲುಸಾಲಾಗಿ ಇಲ್ಲಿಗೆ ಬಂದರು. ಕೊಡುಕೊಳ್ಳುವಿಕೆ ಎರಡೂ ಕಡೆಯದು. ಕೆರ್ಮಾನ್ ಸೀಮೆಯ ಮಾಹಾನ್ ಊರಿನಲ್ಲಿರುವ ಸಂತ ಶಾ ನಿಮತುಲ್ಲಾನ ಗೋರಿಯನ್ನು ಕಟ್ಟಿಸಿದವನು ಬೀದರಿನ ಇದೇ ಸುಲ್ತಾನ. ಸಂತನ ಮಗ ಖಲೀಲುಲ್ಲಾನ ಗೋರಿ ಬೀದರಿನಲ್ಲಿದೆ. ಹಾಗೆ ನೋಡಿದರೆ ಪರ್ಷಿಯನ್ ಭಾಷೆ ನಮ್ಮ ದೊಡ್ಡಬಳ್ಳಾಪುರದ ಕಡೆಗೂ ಹೊಸದಲ್ಲ. ತಾಲ್ಲೂಕು ಕಚೇರಿಗೆ ಹೋಗಿ ಗುಮಾಸ್ತರ ಮುಂದೆ ಜಮೀನಿನ ದಸ್ತಾವೇಜು ಇಡುವವನು ಒಂದೇ ಉಸಿರಿಗೆ ಮೂರು ಪರ್ಷಿಯನ್ ಮಾತಾಡಿರುತ್ತಾನೆ.

ಹೋಗುವ ದಾರಿ ಮೊದಲು. 2020ರ ಫೆಬ್ರುವರಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬೀದರಿಗೆ ವಿಮಾನ ಶುರುವಾಯಿತು. ಆದರೆ ಆ ಸೇವೆ ನಿಂತು ನಿಂತು ಮತ್ತೆ ಶುರುವಾಗುವ ಜಾತಿಯದು, ಹೊರಡುವ ವಾರ ವಿಚಾರಿಸಿಕೊಳ್ಳುವುದು ವಾಸಿ. ಯಶವಂತಪುರದಿಂದ ರಾತ್ರಿ ರೈಲು ನಂಬಿಕಸ್ತ. ಬುತ್ತಿ ಕಟ್ಟಿಕೊಂಡು ಹತ್ತಿದರೆ ಬೆಳಿಗ್ಗೆ ಬೀದರ್. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಗೋಡೆ ನೋಡುವುದಕ್ಕಿಂತ ನೆರಳು ಹುಡುಕುವುದೇ ಕೆಲಸ.

ಎರಡು ಹಗಲಿನಲ್ಲಿ ಎಷ್ಟು ನೋಡಬೇಕು? ಹದಿನಾಲ್ಕು ಜಾಗದ ಪಟ್ಟಿ ಹಿಡಿದು ಆಟೊದಲ್ಲಿ ಸುತ್ತುವವರು ಹದಿನಾಲ್ಕು ಸೆಲ್ಫಿ ತರುತ್ತಾರೆ. ಇಲ್ಲಿ ಬಿಸಿಲನ್ನು ನೋಡಿಕೊಂಡು ಲೆಕ್ಕ ಹಾಕಬೇಕು.

ಮೊದಲ ದಿನ ಬಿಸಿಲು ಚುರುಕಾಗುವ ಹೊತ್ತಿಗೆ ಅಷ್ಟೂರು. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್, ಹೊಲಗಳ ನಡುವೆ ಸಾಲು ಗುಮ್ಮಟಗಳು. ಅಹ್ಮದ್ ಷಾನ ಗೋರಿಯೊಳಗೆ ಕಾಲಿಟ್ಟರೆ ಮೊದಲು ಬರೀ ಕತ್ತಲು. ಕಾವಲಿನವರು ಕನ್ನಡಿಯೊಂದನ್ನು ಹಿಡಿದು ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸುತ್ತಾರೆ. ಆ ಬೆಳಕಿನ ತುಂಡು ಗೋಡೆಯ ಮೇಲೆ ಹತ್ತಿ ಗುಮ್ಮಟಕ್ಕೆ ಹೋದಂತೆಲ್ಲ ಕೆಂಪು, ನೀಲಿ, ಚಿನ್ನದ ಬಣ್ಣದ ಬಳ್ಳಿಗಳೂ ಅಕ್ಷರಗಳೂ ಒಂದೊಂದಾಗಿ ಎದ್ದು ಬರುತ್ತವೆ. ಮಗ್ಗದ ಮನೆಯಾಕೆ ತಲೆಯೆತ್ತಿ ನಿಂತವರು ಅಲ್ಲಾಡಲಿಲ್ಲ. “ಇದು ರತ್ನಗಂಬಳಿ ಕಣ್ರೀ, ಸೂರಿಗೆ ಹಾಸಿದ್ದಾರೆ,” ಎಂದರು. ಮೋಡದ ದಿನ ಈ ಕನ್ನಡಿಯಾಟ ನಡೆಯದು. ಈ ಸುಲ್ತಾನನನ್ನು ಅಲ್ಲಮಪ್ರಭುವೆಂದು ಪೂಜಿಸುವ ಲಿಂಗಾಯತರೂ ಇದ್ದಾರೆ. ವರ್ಷಕ್ಕೊಮ್ಮೆ ಹೋಳಿ ಕಳೆದ ಮೇಲೆ ನಡೆಯುವ ಉರುಸಿಗೆ ಮಾಡ್ಯಾಳದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ.

ಮಧ್ಯಾಹ್ನದ ಮೇಲೆ ಕೋಟೆ. ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ, ತಖ್ತ್ ಮಹಲಿನ ಕಮಾನಿನಲ್ಲಿ ಹುಲಿ ಮತ್ತು ಸೂರ್ಯನ ಚಿತ್ರದ ಟೈಲ್ಸು. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ. ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿನಯವಾಗಿ ಕೇಳಿದರೆ ತೆರೆಸಬಹುದು. ಕೇಳಲೇಬೇಕು. ಕರಿಗಲ್ಲಿನಲ್ಲಿ ಸಣ್ಣಸಣ್ಣ ಗುಳಿ ಕೊರೆದು, ಮುತ್ತಿನ ಚಿಪ್ಪನ್ನು ಅದೇ ಅಳತೆಗೆ ಕತ್ತರಿಸಿ ಕೂರಿಸಿದ್ದಾರೆ. ಉಗುರಿನಷ್ಟು ಚಿಪ್ಪು, ಆದರೂ ಹೆಜ್ಜೆ ಬದಲಿಸಿದರೆ ಗುಲಾಬಿಯಿಂದ ಹಸಿರಿಗೆ ತಿರುಗುತ್ತದೆ.

ಎರಡನೇ ದಿನ ತಿಂಡಿಗೂ ಮೊದಲೇ ಮಹಮೂದ್ ಗವಾನನ ಮದರಸಾ. ಅದರ ಮುಖ ಪೂರ್ವಕ್ಕೆ, ಹಾಗಾಗಿ ಎಳೆಬಿಸಿಲು ನೇರ ಟೈಲ್ಸಿನ ಮೇಲೆ ಬೀಳುತ್ತದೆ. ಗವಾನ್ ಕ್ಯಾಸ್ಪಿಯನ್ ಕಡಲ ತೀರದ ಗಿಲಾನಿನವನು. ವ್ಯಾಪಾರಕ್ಕೆಂದು ಬಂದು ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯ ಕಟ್ಟಿಸಿದ. ಆಗ ಇಸ್ಫಹಾನಿನ ಪ್ರಸಿದ್ಧ ನಕ್ಷ್-ಎ-ಜಹಾನ್ ಚೌಕ ಹುಟ್ಟುವುದಕ್ಕೆ ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಕಿ. ಅವನ ಅಂತ್ಯ ಮಾತ್ರ ಕೆಟ್ಟದ್ದು. ಹಗೆಗಳು ಖಾಲಿ ಕಾಗದಕ್ಕೆ ಅವನ ಮೊಹರು ಒತ್ತಿಸಿಕೊಂಡು, ಶತ್ರುರಾಜನಿಗೆ ಬರೆದಂತೆ ಪತ್ರ ಸೃಷ್ಟಿಸಿದರು. 1481ರಲ್ಲಿ ಅಂದಿನ ಸುಲ್ತಾನ ಅವನ ತಲೆ ತೆಗೆಸಿದ. 1696ರಲ್ಲಿ ಮದ್ದಿನ ಸ್ಫೋಟಕ್ಕೆ ಕಟ್ಟಡದ ಒಂದು ಭಾಗವೂ, ಎರಡು ಮಿನಾರುಗಳಲ್ಲಿ ಒಂದೂ ಹಾರಿಹೋದವು. ಉಳಿದ ಮಿನಾರಿಗೆ ಅಂಕುಡೊಂಕು ಪಟ್ಟೆಯ ಟೈಲ್ಸು. ಅಲ್ಲಲ್ಲಿ ಉದುರಿದ ಕಡೆ ಗಾರೆ ಕಾಣುತ್ತದೆ. ಟೈಲ್ಸನ್ನು ಹೇಗೆ ಕೂರಿಸಿದ್ದರೆಂದು ತಿಳಿಯಬೇಕಾದರೆ ಇಸ್ಫಹಾನಿನ ಅಚ್ಚುಕಟ್ಟು ಗೋಡೆಗಳಿಗಿಂತ ಈ ಗಾಯವೇ ಒಳ್ಳೆಯ ಪಾಠ ಎಂಬುದು ಈ ಅಂಕಣಕಾರನ ಮತ. ಸೀರೆಯ ಅಂಚು ಬಿಡಿಸುವ ಗಂಡ ಮೊಬೈಲಿನಲ್ಲಿ ಪಟ್ಟೆಗಳನ್ನೇ ಇಪ್ಪತ್ತು ಸಲ ತೆಗೆದುಕೊಂಡರು.

ಅಲ್ಲಿಂದ ಊರಂಚಿನ ನೌಬಾದ್. ನೋಡುವುದಕ್ಕೆ ಅಲ್ಲೇನೂ ಇಲ್ಲವೆನ್ನುವಷ್ಟು ಕಡಿಮೆ ಇದೆ, ಸಾಲಾಗಿ ಬಾವಿಯಂಥ ಬಾಯಿಗಳಷ್ಟೇ. ಅವುಗಳ ಕೆಳಗೆ ಕರೇಜ್. ಮುರಕಲ್ಲಿನಲ್ಲಿ ಇಂಗಿ ಕೆಳಗಿನ ಕರಿಗಲ್ಲಿನ ಮೇಲೆ ನಿಲ್ಲುವ ನೀರನ್ನು ಸುರಂಗದ ಇಳಿಜಾರಿನಲ್ಲೇ ಊರಿಗೆ ಹರಿಸುವ ಏರ್ಪಾಟು. ಇರಾನಿನಲ್ಲಿ ಇದಕ್ಕೆ ಕನಾತ್ ಎಂದು ಹೆಸರು. ಅಲ್ಲಿನ ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಕೈಸುಟ್ಟುಕೊಂಡಿದ್ದ ದೊಡ್ಡಬಳ್ಳಾಪುರದವರು ಬಾಯಿಯೊಳಗೆ ಬಗ್ಗಿ ನೋಡಿ, “ಮೋಟರೇ ಬೇಡ್ವಾ?” ಎಂದು ಎರಡು ಸಲ ಕೇಳಿದರು.

ಉಳಿದ ಮಧ್ಯಾಹ್ನ ಊರಿನ ಬಿದ್ರಿ ಕಸುಬಿಗೆ. ಅಂಗಡಿಗಿಂತ ಕೆಲಸದ ಮನೆಗೆ ಹೋಗಬೇಕು. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೈಯಲ್ಲಿ ಉಳಿಯಿಂದ ಗೀರು ಕೊರೆದು ಬೆಳ್ಳಿ ತಂತಿ ಕೂರಿಸಿ ತಟ್ಟುತ್ತಾರೆ. ಆ ಹಂತದಲ್ಲಿ ಬೆಳ್ಳಿಗೂ ಸತುವಿಗೂ ವ್ಯತ್ಯಾಸವೇ ಕಾಣದು. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರು. ಮಣ್ಣನ್ನು ನಾಲಗೆಗಿಟ್ಟು ರುಚಿಯಿಂದಲೇ ಆರಿಸುವ ಕಸುಬಿನವರಿದ್ದಾರೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಆಕೆ ಕುಂಕುಮಕ್ಕೆಂದು ಬೆರಳಷ್ಟೆತ್ತರದ ಒಂದು ಭರಣಿ ಆರಿಸಿದರು. ಬಿಸಿ ಮಾಡಿದ ಭರಣಿಗೆ ಮಣ್ಣು ಸವರಿ ಉಜ್ಜಿ ತೊಳೆದಾಗ ಮೈಯೆಲ್ಲ ಕಾಡಿಗೆಗಪ್ಪಾಗಿ, ಬೆಳ್ಳಿಯ ಬಳ್ಳಿ ಬೆಳ್ಳಗೆ ಎದ್ದಿತು. ಕಾಗದದಲ್ಲಿ ಸುತ್ತಿ ಕೊಡುತ್ತ ಕಸುಬಿನ ಮುದುಕರು ಹೇಳಿದರು: “ಹುಣಸೆಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ ಅಮ್ಮಾ, ಜರಾ ಕೊಬ್ಬರಿ ಎಣ್ಣಿ ಒರಸ್ರಿ, ಸಾಕು.”