ಝೆನ್‌ಗೆ ಎಸ್ಟೀಮ್ ಎಂಜಿನ್

ಕಾರ್ಬುರೇಟರ್ ಕಾಲದ ಮಾರುತಿ ಝೆನ್‌ಗೆ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಕೂರಿಸುವ ಯೋಜನೆ ಹಾಕಿಕೊಡಿ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿ ಬಹಳ ದಿನವಾಯಿತು. ಗಾಡಿ 1996ರದು. ಅವರ ತಂದೆ ಹೊಸದಾಗಿ ಕೊಂಡದ್ದು. ಈಗ ಆಯಿಲ್ ಕುಡಿಯುತ್ತಿದೆ, ಆಗುಂಬೆ ಘಾಟಿಯಲ್ಲಿ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತಿದೆ. ಇದೇ ಪ್ರಶ್ನೆ ಬೇರೆ ಊರುಗಳಿಂದಲೂ ಬರುತ್ತಲೇ ಇರುವುದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಲೆಕ್ಕ ಆಸೆ ಹುಟ್ಟಿಸುವಂಥದ್ದೇ. ಕಾರ್ಬುರೇಟರ್ ಝೆನ್‌ನ 993 ಸಿಸಿ ಎಂಜಿನ್ ಕೊಡುವುದು 50 ಬಿಎಚ್‌ಪಿ. ಎಸ್ಟೀಮ್‌ನ 16 ವಾಲ್ವಿನ, ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್ 1298 ಸಿಸಿ, 85 ಬಿಎಚ್‌ಪಿ. ಎರಡೂ ಸುಜುಕಿಯ ಜಿ ಕುಟುಂಬದವು, ಎರಡಕ್ಕೂ ಅಲ್ಯುಮಿನಿಯಂ ಬ್ಲಾಕ್, ಎರಡೂ ಬಾನೆಟ್ ಕೆಳಗೆ ಅಡ್ಡಲಾಗಿ ಕೂರುವ ನಾಲ್ಕು ಸಿಲಿಂಡರ್ ಎಂಜಿನ್‌ಗಳು. ಮುಕ್ಕಾಲು ಟನ್ ಆಸುಪಾಸಿನ ಗಾಡಿಗೆ 85 ಬಿಎಚ್‌ಪಿ ಸಿಕ್ಕರೆ ಯಾರಿಗೆ ಬೇಡ? ಯಾವ ಗ್ಯಾರೇಜಿಗೆ ಹೋದರೂ ‘ಆರಾಮಾಗಿ ಕೂರುತ್ತೆ ಸಾರ್’ ಅನ್ನುತ್ತಾರೆ. ಕೂರುವುದೂ ನಿಜ. ಆದರೆ ಎಂಜಿನ್ ಕೂತ ಮೇಲೆ ಶುರುವಾಗುವ ಕೆಲಸದ ಪಟ್ಟಿಯನ್ನು ಯಾರೂ ಮುಂಚಿತವಾಗಿ ಬರೆದುಕೊಡುವುದಿಲ್ಲ.

ಪೆಟ್ರೋಲಿನಿಂದ ಶುರು ಮಾಡೋಣ. ಕಾರ್ಬುರೇಟರ್ ಗಾಡಿಯ ಪಂಪು ಕ್ಯಾಮ್‌ಶಾಫ್ಟಿನಿಂದ ಓಡುವ ಯಾಂತ್ರಿಕ ಪಂಪು, ಅದರ ಒತ್ತಡ ತೀರಾ ಕಡಿಮೆ. ಇಂಜೆಕ್ಟರಿಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಒತ್ತಡ ಬೇಕು. ಕೆಲವರು ಹೊರಗಡೆ ಒಂದು ವಿದ್ಯುತ್ ಪಂಪು ಕಟ್ಟಿ, ಹಳೇ ಪೈಪಿಗೇ ಕ್ಲಾಂಪ್ ಬಿಗಿದು ಬಿಡುತ್ತಾರೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲೇ ಹಾಯುವ ಆ ಪೈಪನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಎಂಪಿಎಫ್‌ಐ ಝೆನ್‌ನ ಟ್ಯಾಂಕು, ಒಳಗಿನ ಪಂಪು, ಎರಡೂ ಲೈನುಗಳನ್ನು ಒಟ್ಟಿಗೆ ತಂದು ಹಾಕುವುದೇ ಸರಿಯಾದ ದಾರಿ. ವೈರಿಂಗ್ ಕೂಡ ಹಾಗೆಯೇ. ಇಸಿಯು ಒಂದೆಡೆ, ಹಾರ್ನೆಸ್ ಒಂದೆಡೆ ಕೊಳ್ಳಬೇಡಿ. ಎಂಜಿನ್ ಕಳಚಿ ತಂದ ಕಾರು ಮಾರುತಿಯ ಕಳ್ಳತನ ತಡೆ ವ್ಯವಸ್ಥೆ ಐಕ್ಯಾಟ್ಸ್ ಬಂದ ನಂತರದ್ದಾದರೆ ಅದರ ಕೀಲಿ ಮತ್ತು ಇಮೊಬಿಲೈಸರ್ ಪೆಟ್ಟಿಗೆ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ.

ಎತ್ತರದ ವಿಚಾರವೂ ಇದೆ. ಝೆನ್ ಎಂಜಿನ್ನಿನ ಸ್ಟ್ರೋಕ್ 61 ಮಿ.ಮೀ., ಎಸ್ಟೀಮಿನದು 75.5. ಅದಕ್ಕೆ ತಕ್ಕಂತೆ ಎಂಜಿನ್ನೂ ಎತ್ತರ, ಬಾನೆಟ್ಟಿಗೆ ತಾಗುತ್ತದೆಯೇ ಎಂದು ಟೇಪು ಹಿಡಿದು ಅಳೆದರೆ ಸಾಲದು. ವಾಲ್ವ್ ಕವರಿನ ಮೇಲೆ, ಇಂಟೇಕಿನ ಅತಿ ಎತ್ತರದ ಜಾಗದ ಮೇಲೆ ಒಂದೊಂದು ಮೈದಾ ಹಿಟ್ಟಿನ ಉಂಡೆ ಇಟ್ಟು, ಬಾನೆಟ್ಟನ್ನು ಮೆಲ್ಲಗೆ ಪೂರ್ತಿ ಮುಚ್ಚಿ ತೆರೆಯಿರಿ. ಅಪ್ಪಚ್ಚಿಯಾದ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗಿರುವ ಅಂತರ. ಓಡುವಾಗ ಎಂಜಿನ್ ಮೌಂಟ್ ಮೇಲೆ ಅಲ್ಲಾಡುತ್ತದೆ. ಹಿಟ್ಟು ಕಾಗದದಷ್ಟು ತೆಳ್ಳಗಾಗಿದ್ದರೆ ಮೊದಲ ಗುಂಡಿಯಲ್ಲೇ ಬಾನೆಟ್ಟಿಗೆ ಬಡಿಯುತ್ತದೆ.

ಇಷ್ಟೂ ಬಗೆಹರಿಯುವ ಸಂಗತಿಗಳು. ಬ್ರೇಕಿನ ಬಗ್ಗೆ ಮಾತ್ರ ನಾನು ಹಠ ಬಿಡುವವನಲ್ಲ, ಈ ಅಂಕಣ ಓದುವವರಿಗೆ ಅದು ಗೊತ್ತು. ಮೊದಲು ಬ್ರೇಕ್, ಆಮೇಲೆ ಗೇರ್‌ಬಾಕ್ಸ್, ಕೊನೆಗೆ ಎಂಜಿನ್. ಗಂಟೆಗೆ 80 ಕಿ.ಮೀ. ವೇಗದ ಗಾಡಿ 110ಕ್ಕೆ ಏರಿದರೆ ವೇಗ ಹೆಚ್ಚಿದ್ದು ಮೂರರಲ್ಲೊಂದು ಪಾಲಿಗಿಂತ ತುಸು ಜಾಸ್ತಿ, ಆದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. 

ಚಿಕ್ಕ ಕಾರಿಗೆ ದೊಡ್ಡ ಎಂಜಿನ್ ಅಂದಾಗಲೆಲ್ಲ ನಾನು ಹೋಗಿ ನಿಲ್ಲುವುದು ಮಿನಿ ಕೂಪರ್ ಮುಂದೆ. 1959ರಲ್ಲಿ ಬಂದ ಮೊದಲ ಮಿನಿಯದು 848 ಸಿಸಿ, 34 ಬಿಎಚ್‌ಪಿ. ಜಾನ್ ಕೂಪರ್ ಆಗ ಸಾಮಾನ್ಯ ಮನುಷ್ಯನಲ್ಲ. 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಕನ್‌ಸ್ಟ್ರಕ್ಟರ್ಸ್ ಪಟ್ಟ ಗೆದ್ದದ್ದು ಅವನ ಕಾರುಗಳು. ಅಂಥವನು 1961ರಲ್ಲಿ ಮಿನಿಗೆ 997 ಸಿಸಿ, ಅವಳಿ ಎಸ್‌ಯು ಕಾರ್ಬುರೇಟರ್, 55 ಬಿಎಚ್‌ಪಿ ಕೊಡಿಸಿದ. ಅದೇ ಉಸಿರಿನಲ್ಲಿ ಮುಂದಿನ ಡ್ರಮ್ಮುಗಳನ್ನು ಕಿತ್ತು 7 ಇಂಚಿನ ಡಿಸ್ಕ್ ಹಾಕಿಸಿದ. ಹೆಚ್ಚಿದ್ದು ಬರೀ 21 ಬಿಎಚ್‌ಪಿ. ಅಷ್ಟಕ್ಕೇ ಬ್ರೇಕ್ ಬದಲಾಯಿತು. ಆ ಡಿಸ್ಕುಗಳೂ ಸಾಲವು ಎನಿಸಿದ ಮೇಲೆ 1963ರ ಕೂಪರ್ ಎಸ್‌ನಲ್ಲಿ 1071 ಸಿಸಿ ಎಂಜಿನ್ನಿನ ಜೊತೆ ಏಳೂವರೆ ಇಂಚಿನ ಡಿಸ್ಕೂ ಸರ್ವೊ ಕೂಡ ಬಂದವು. ಎಂಜಿನ್ ಒಂದು ಮೆಟ್ಟಿಲು ಏರಿದಾಗಲೆಲ್ಲ ಬ್ರೇಕೂ ಒಂದು ಮೆಟ್ಟಿಲು ಏರಿದೆ. ನಮ್ಮ ಝೆನ್ ಯೋಜನೆಯಲ್ಲಿ ಏರಿಕೆ 35 ಬಿಎಚ್‌ಪಿ. ಮಾಸ್ಟರ್ ಸಿಲಿಂಡರ್, ಬೂಸ್ಟರ್, ಡಿಸ್ಕ್, ಕ್ಯಾಲಿಪರ್ ಎಂಬ ನಾಲ್ಕು ಹೆಸರಿಲ್ಲದ ಎಸ್ಟಿಮೇಟನ್ನು ಹರಿದು ಹಾಕಿ.

ಇಲ್ಲಿ ಒಂದು ಹಳೇ ಬಾಕಿ ತೀರಿಸಬೇಕಿದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಎಂಜಿನ್ ಬದಲಾವಣೆ ಎಂದರೆ ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಹಾಕುವುದು ಎಂದೇ ಅರ್ಥ. ಮೆಟಾಡೋರ್ ವ್ಯಾನಿನ ಎಂಜಿನ್ ಆಗ ಎಲ್ಲರ ಕಣ್ಣಿಗೆ ಬಿದ್ದಿತ್ತು. ಡೀಸೆಲ್ ಅಗ್ಗವಿತ್ತು, ಟ್ಯಾಕ್ಸಿ ಓಡಿಸಿ ಸಂಸಾರ ಸಾಕುವವರಿಗೆ ಆ ಉಳಿತಾಯ ದೊಡ್ಡದು. ಅವರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನೇ ಒಂದು ವಿದ್ಯೆ ಎಂದು ಇಂದಿಗೂ ಮೆರೆಸುವ ಪಂಥದ ಬಗ್ಗೆ. ಮೂತಿಯ ಮೇಲೆ ಅಷ್ಟು ಕಬ್ಬಿಣ ಹೇರಿ, ಮುಂದಿನ ಸ್ಪ್ರಿಂಗು ಮುಟ್ಟಲಿಲ್ಲ, ಬ್ರೇಕು ಮುಟ್ಟಲಿಲ್ಲ, ನಡುಗುವ ಎಂಜಿನ್ನಿಗೆ ತಕ್ಕ ಮೌಂಟ್ ಹುಡುಕಲಿಲ್ಲ. ಸ್ಟಿಯರಿಂಗ್ ಕಲ್ಲಾಯಿತು, ಬಾಡಿಯ ಬೆಸುಗೆಗಳು ಬಿಟ್ಟವು, ಚಾಲಕರ ಬೆನ್ನು ಹೋಯಿತು. ಈಗ ಅದೇ ಪಂಥದ ಮರಿಗಳು ಮಾರುತಿ ಜಿಪ್ಸಿಗೂ ಟರ್ಬೊ ಡೀಸೆಲ್ ಹಾಕಿ ಟಾರ್ಕಿನ ಅಂಕಿ ಹೇಳುತ್ತಾರೆ. ಜಿಪ್ಸಿಯ ಗುಣವೆಲ್ಲ ಇರುವುದೇ ಅದರ ಹಗುರದಲ್ಲಿ. ಅದನ್ನು ಕಳೆದುಕೊಂಡ ಮೇಲೆ ಟಾರ್ಕಿನ ಅಂಕಿ ಕಟ್ಟಿಕೊಂಡು ಏನು ಮಾಡುವುದು?

ಕಂಪನಿ ಮಾಡಿದ ಎಂಜಿನ್ ಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ ಕಾಂಟೆಸ್ಸಾ ಸಾಕು. ಮೊದಲು ಅದಕ್ಕಿದ್ದದ್ದು ಅಂಬಾಸಿಡರ್‌ನ 1489 ಸಿಸಿ ಎಂಜಿನ್. ಆ ದೊಡ್ಡ ದೇಹವನ್ನು ಎಳೆಯಲಾಗದೆ ಸೋತಿತು. ಹಿಂದೂಸ್ತಾನ್ ಮೋಟಾರ್ಸ್ ಇಸುಝುವಿನ 1.8 ಲೀಟರ್ ಎಂಜಿನ್ ತಂದಿತು, ಅದರ ಜೊತೆಗೇ ಐದು ಗೇರಿನ ಗೇರ್‌ಬಾಕ್ಸನ್ನೂ ತಂದಿತು. ಕಾರು ಮರುಹುಟ್ಟು ಪಡೆಯಿತು. ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸಿ ಯೋಚಿಸುವಂತಿಲ್ಲ. ಚಿಕ್ಕ ಎಂಜಿನ್ನಿಗೆ ಹೊಂದಿಸಿದ ಫೈನಲ್ ಡ್ರೈವಿನಲ್ಲಿ ದೊಡ್ಡ ಎಂಜಿನ್ ಓಡಿಸಿದರೆ ಹೆದ್ದಾರಿಯಲ್ಲಿ ಅದು ಸುಮ್ಮನೆ ಕಿರುಚುತ್ತಿರುತ್ತದೆ.

ಇನ್ನು ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಆರ್‌ಸಿಯಲ್ಲಿ 993 ಸಿಸಿ ಎಂದಿರುವ ಗಾಡಿಯಲ್ಲಿ 1298 ಸಿಸಿ ಎಂಜಿನ್ ಇರುವುದು ಈ ಕಾನೂನಿಗೆ ನೇರ ವಿರುದ್ಧ. ಯಾರೂ ಹಿಡಿಯುವುದಿಲ್ಲ ಅನ್ನುವವರಿದ್ದಾರೆ. ಅಪಘಾತವಾದ ದಿನ ವಿಮೆಯ ಸರ್ವೇಯರ್ ಬಾನೆಟ್ ಎತ್ತುತ್ತಾನೆ. ನಿಮ್ಮ ಗಾಡಿಗೆ ಸಿಕ್ಕಿ ಗಾಯಗೊಂಡವರ ಪರಿಹಾರದ ಪ್ರಶ್ನೆಯೂ ಆಗಲೇ ಏಳುತ್ತದೆ.

ಆದ್ದರಿಂದ ಈ ಯೋಜನೆ ನೇರಾನೇರ ಎರಡಾಗಿ ಒಡೆಯುತ್ತದೆ. ಟ್ರ್ಯಾಕಿಗೆ, ರ‍್ಯಾಲಿ ಸ್ಪರ್ಧೆಗೆ ಗಾಡಿ ಕಟ್ಟುವವರು ಆಯಾ ಸ್ಪರ್ಧೆಯ ನಿಯಮ ಓದಿ, ರೋಲ್ ಕೇಜ್ ಹಾಕಿಸಿ, ಟ್ರೇಲರ್ ಮೇಲೆ ಸಾಗಿಸಿ 1.3 ಓಡಿಸಲಿ. ಚೆನ್ನಾಗಿರುತ್ತದೆ. ಆಗುಂಬೆ ಹತ್ತಬೇಕಾದ ಮನೆಯ ಗಾಡಿಗೆ ಅದು ಬೇಡ.

ಬೇಡ ಅನ್ನುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣವೊಂದು ನನ್ನಲ್ಲಿದೆ. ಕಿತ್ತು ಹಾಕಲು ಹೊರಟ ಎಂಜಿನ್ ಎಂಥದ್ದು ಎಂದು ಒಮ್ಮೆ ನೋಡಿ. ಝೆನ್‌ನ ಜಿ10ಬಿ ಎಂಜಿನ್ನಿನ ಬೋರ್ 72 ಮಿ.ಮೀ., ಸ್ಟ್ರೋಕ್ ಬರೀ 61. ಇಷ್ಟು ಗಿಡ್ಡ ಸ್ಟ್ರೋಕಿನ ಎಂಜಿನ್ ನಮ್ಮ ಮನೆಬಳಕೆಯ ಕಾರುಗಳಲ್ಲಿ ಅಪರೂಪ. 6000 ಆರ್‌ಪಿಎಂನಲ್ಲಿ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.2 ಮೀಟರ್. ಅದೇ ಆರ್‌ಪಿಎಂನಲ್ಲಿ ಎಸ್ಟೀಮಿನದು 15.1. ಝೆನ್ ಓಡಿಸಿದವರೆಲ್ಲ ಹೇಳುವ ಆ ತುಂಟತನ, ಮೂರನೇ ಗೇರಿನಲ್ಲಿ ಎಳೆದಷ್ಟೂ ಎಳೆಯುವ ಆ ಹುರುಪು ಬಂದಿರುವುದು ಈ ಅಳತೆಯಿಂದ. 1.3 ಹಾಕಿದರೆ ಗಾಡಿ ಬೇಗ ಓಡುತ್ತದೆ, ನಿಜ. ಆದರೆ ಅದು ಎಸ್ಟೀಮಿನ ಹಾಗೆ ಓಡುತ್ತದೆ.

ಬಿಡಿಭಾಗ ತರಿಸುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಸುಜುಕಿಯಲ್ಲೇ ಜಿ10 ಎಂಬ ಇನ್ನೊಂದು ಎಂಜಿನ್ ಇದೆ. ಅದೂ 993 ಸಿಸಿ. ಆದರೆ ಅದಕ್ಕೆ ಮೂರೇ ಸಿಲಿಂಡರ್, ಬೋರ್ 74, ಸ್ಟ್ರೋಕ್ 77. ಅಮೆರಿಕದಲ್ಲಿ ಜಿಯೊ ಮೆಟ್ರೊ ಕಾರಿನಲ್ಲಿದ್ದದ್ದು ಅದು. ಹೆಸರೂ ಸಿಸಿಯೂ ನೋಡಿ ಹೊರದೇಶದಿಂದ ಗ್ಯಾಸ್ಕೆಟ್ ಸೆಟ್ ತರಿಸಿದರೆ ಮೂರು ತೂತಿನ ಹೆಡ್ ಗ್ಯಾಸ್ಕೆಟ್ ಬಂದು ಕೂರುತ್ತದೆ. ನಮ್ಮ ಝೆನ್ ಯುರೋಪಿಗೆ ರಫ್ತಾದದ್ದು ಸುಜುಕಿ ಆಲ್ಟೊ ಎಂಬ ಹೆಸರಿನಲ್ಲಿ. ಆ ಕಾರಿನ ಭಾಗ ಎಂದೇ ಕೇಳಿ.

ರಸ್ತೆಯ ಗಾಡಿಗೆ ನಾನು ಹಾಕಿಕೊಡುವ ಯೋಜನೆ ಹೀಗೆ: ಝೆನ್‌ಗೆ ಝೆನ್ ಎಂಜಿನ್. ಅದೇ ಮೇಕ್, ಅದೇ ಮಾದರಿಯ ಎಂಜಿನ್ ಹಾಕಲು ಆರ್‌ಟಿಒದಿಂದ ಮೊದಲೇ ಅನುಮತಿ ಪಡೆದು, ಆಮೇಲೆ ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಿಕೊಳ್ಳಬಹುದು. ಎಂಜಿನ್ನಿನ ಬಿಲ್ಲು, ಅದು ಬಂದ ಗಾಡಿಯ ಕಾಗದ ಎರಡೂ ಕೈಯಲ್ಲಿರಬೇಕು. ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಾಗ ಒಂದೊಂದು ಅಂಕಿಯೂ ಓದುವಂತಿರಬೇಕು. ಆ ಜಾಗದಲ್ಲಿ ಗ್ರೈಂಡರ್ ಆಡಿದ ಗುರುತು ಕಂಡರೆ ಬೆಲೆ ಕೇಳದೆ ವಾಪಸ್ಸು ಬನ್ನಿ.

ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಎಂಜಿನ್ ನೋಡುವುದಾದರೆ ಗೇರ್‌ಬಾಕ್ಸ್ ಸಮೇತ ಇರುವುದನ್ನೇ ತೋರಿಸಲು ಹೇಳಿ. ಸ್ಟಾರ್ಟರ್ ಮೋಟರ್ ಕೂರಲು ಗೇರ್‌ಬಾಕ್ಸಿನ ಬೆಲ್‌ಹೌಸಿಂಗ್ ಬೇಕು, ಸ್ಟಾರ್ಟರ್ ಇಲ್ಲದೆ ಕಂಪ್ರೆಷನ್ ಪರೀಕ್ಷೆ ಇಲ್ಲ. ಹಳೇ ಟೈರಿನ ಮೇಲೆ ಕೂರಿಸಿದ ಎಂಜಿನ್ನಿನ ನಾಲ್ಕೂ ಪ್ಲಗ್ ಬಿಚ್ಚಿಸಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ತಿರುಗಿಸಿ ಬಿಗಿದು, ಬ್ಯಾಟರಿ ಮುಟ್ಟಿಸಿ ಕ್ರ್ಯಾಂಕ್ ಮಾಡಿಸಿ. ಈ ಕುಟುಂಬದ ಎಂಜಿನ್ನುಗಳಿಗೆ ಚದರ ಸೆಂ.ಮೀ.ಗೆ 14 ಕೆ.ಜಿ. ಆರೋಗ್ಯದ ಅಂಕಿ. ಅದು ಬಿಸಿ ಎಂಜಿನ್ನಿನ ಲೆಕ್ಕ, ತಣ್ಣಗಿದ್ದಾಗ ತುಸು ಕಡಿಮೆ ತೋರಿಸುತ್ತದೆ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ 1 ಕೆ.ಜಿ. ದಾಟಿತೆಂದರೆ ಕಾರಣ ಹುಡುಕಲೇಬೇಕು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಆಯಿಲ್ ಕ್ಯಾಪಿನ ಒಳಗೆ ಬೆಳ್ಳನೆ ಜಿಡ್ಡು ಇದ್ದರೆ ನೀರು ಆಯಿಲಿಗೆ ಸೇರಿದೆ ಎಂದು ಅನುಮಾನಿಸಿ, ಹೆಡ್ ಬಿಚ್ಚಿ ತೋರಿಸದ ಹೊರತು ಹಣ ಕೊಡಬೇಡಿ.

ಇದಕ್ಕೂ ಒಳ್ಳೆಯದು ನಿಮ್ಮ ಗಾಡಿಯ ಬ್ಲಾಕನ್ನೇ ಉಳಿಸಿಕೊಳ್ಳುವುದು. ನಂಬರ್ ಇರುವುದು ಬ್ಲಾಕಿನ ಮೇಲೆ. ಅದು ಹಾಗೇ ಇದ್ದರೆ ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗದು. ಅಲ್ಯುಮಿನಿಯಂ ಬ್ಲಾಕಿನೊಳಗೆ ಕಬ್ಬಿಣದ ಲೈನರ್ ಇರುವುದರಿಂದ ರೀಬೋರ್ ಮಾಡಿಸಬಹುದು. ಲೇತ್ ಅಂಗಡಿಯವರು ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ಬರೆದುಕೊಡಲಿ. ಎಂಜಿನ್ ಹೊರಗಿದ್ದಾಗಲೇ ಕ್ಲಚ್ ಪ್ಲೇಟು, ಹಿಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ಮೌಂಟುಗಳು ಬದಲಾಗಲಿ, ರೇಡಿಯೇಟರ್ ತೊಳೆದು ಬರಲಿ. ಒಂದನ್ನು ಮಾತ್ರ ಮೇಸ್ತ್ರಿಗೆ ಒತ್ತಿ ಹೇಳಿ: ಅಳತೆ ನೋಡಿ 0.25 ಬೇಕೋ 0.50 ಬೇಕೋ ತೀರ್ಮಾನಿಸಿ, ಓವರ್‌ಸೈಜ್ ಪಿಸ್ಟನ್ ಸೆಟ್ ಕೈಗೆ ಬಂದ ಮೇಲಷ್ಟೇ ಬೋರಿಂಗ್ ಶುರುವಾಗಬೇಕು. ಒಂದೊಂದು ಪಿಸ್ಟನ್ನನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ಅದರ ಅಳತೆಗೆ ಅದರದೇ ಸಿಲಿಂಡರ್ ಕೊರೆಯಿಸಿ, ತಲೆಯ ಮೇಲೆ ಒಂದರಿಂದ ನಾಲ್ಕರವರೆಗೆ ಗುರುತು ಹಾಕಿಸಿ.