ಕಡತವೆಂಬ ಪದ, ಕಡತವೆಂಬ ವಸ್ತು: ಗ್ರಂಥಸಂರಕ್ಷಣೆಯ ಪರಿಭಾಷೆಯನ್ನು ಕುರಿತು

ಗಡಿಭಾಗದ ಸಂಗ್ರಹವೊಂದರ ದಾಖಲೆ ಪುಸ್ತಕದಲ್ಲಿ ‘ಹಳೆಯ ಕಡತ – 1’ ಎಂಬ ನಮೂದಿತ್ತು. ಅದನ್ನು ಇಂಗ್ಲಿಷ್ ಪಟ್ಟಿಗೆ ಇಳಿಸಿದವರು ‘ಓಲ್ಡ್ ಫೈಲ್’ ಎಂದು ಬರೆದರು. ಆ ಪಟ್ಟಿಯನ್ನು ನಂಬಿದವರು ವಸ್ತುವನ್ನು ಕಾಗದದ ಫೈಲುಗಳ ಸಾಲಿನಲ್ಲಿಟ್ಟರು. ಧೂಳು ತೆಗೆಯುವಾಗ ಅದನ್ನೂ ಬಿಚ್ಚಿ ಬಟ್ಟೆಯಿಂದ ಒರೆಸಿದರು. ನಾನು ನೋಡುವ ಹೊತ್ತಿಗೆ ಮಡಿಕೆಗಳ ಅಂಚಿನಲ್ಲಿ ಕೆಲವು ಲೆಕ್ಕದ ಅಂಕಿಗಳು ಮಾತ್ರ ಉಳಿದಿದ್ದವು. ಇಲ್ಲಿ ಯಾರನ್ನೂ ಅಜಾಗರೂಕರೆಂದು ದೂರುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಪದಕ್ಕೆ ನಿಷ್ಠರಾಗಿಯೇ ಇದ್ದರು.

ಇಂದು ನಮಗೆ ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಆದರೆ ಮೂಲದಲ್ಲಿ ಅದು ಒಂದು ಬಗೆಯ ಪುಸ್ತಕ. ಉದ್ದನೆಯ ಹತ್ತಿಬಟ್ಟೆಯ ಪಟ್ಟಿಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬೆರೆಸಿದ ಲೇಪ ಹಚ್ಚಿ, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕೂಡಿಸಿ ಸಿದ್ಧಪಡಿಸುತ್ತಿದ್ದರು. ಬರೆಯುವುದು ಬಳಪದಿಂದ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಇದರ ವಿವರ ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದ ದಾಖಲೆಗಳಲ್ಲಿ ಕಡತಗಳೂ ಇರುವುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಸಂರಕ್ಷಕನಿಗೆ ಮುಖ್ಯವಾದ ಸಂಗತಿ ಬೇರೆ. ಕಡತದ ಬರಹ ಅಳಿಸಿ ಮತ್ತೆ ಬರೆಯಲೆಂದೇ ಆದದ್ದು. ಲೇಪಕ್ಕೆ ನೀರು ತಾಗಿದರೆ ಅಂಟು ಸಡಿಲವಾಗುತ್ತದೆ. ಬಳಪದ ಗೆರೆಗೆ ಒಣಬಟ್ಟೆ ತಾಗಿದರೂ ಸಾಕು, ಅಕ್ಷರ ಹೋಗುತ್ತದೆ. ಕಾಗದಕ್ಕೆ ನಿರಪಾಯವೆನಿಸುವ ಉಪಚಾರ ಇಲ್ಲಿ ವಿನಾಶ.

ಈ ಕ್ಷೇತ್ರದ ಆಕರಗ್ರಂಥಗಳನ್ನು ಇಂಥ ವಸ್ತುವಿನ ಪಕ್ಕದಲ್ಲಿಟ್ಟು ಓದಬೇಕು. ಮ್ಯಾಟ್ ರಾಬರ್ಟ್ಸ್ ಮತ್ತು ಡಾನ್ ಎಥರಿಂಗ್ಟನ್ ಸಂಪಾದಿಸಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1982ರಲ್ಲಿ ಪ್ರಕಟಿಸಿದ ಪುಸ್ತಕಬಂಧ ಮತ್ತು ಸಂರಕ್ಷಣೆಯ ನಿಘಂಟು ಇಂದಿಗೂ ಎಲ್ಲರೂ ಮೊದಲು ತೆರೆಯುವ ಪುಸ್ತಕ. ಅದರ ಪಾಂಡಿತ್ಯಕ್ಕೆ ತಲೆಬಾಗಲೇಬೇಕು. ಆದರೆ ಅದರ ಕೇಂದ್ರದಲ್ಲಿರುವುದು ಹೊಲಿದು, ರಟ್ಟು ಕಟ್ಟಿ, ಚರ್ಮ ಹೊದಿಸಿದ ಪಶ್ಚಿಮದ ಪುಸ್ತಕ. ಅದನ್ನು ಕನ್ನಡಿಸಿದರೆ ನಮ್ಮ ಕೊರತೆ ತುಂಬೀತೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಅಲ್ಲಿಯ ‘ರೆಡ್ ರಾಟ್’ ಎಂಬ ಪದವನ್ನೇ ನೋಡಿ. ‘ಕೆಂಪು ಕೊಳೆತ’ ಎಂದು ಕನ್ನಡಿಸುವುದು ಸುಲಭ. ಆದರೆ ಅದು ಕೊಳೆಯುವುದೇ ಅಲ್ಲ. ಸಸ್ಯಮೂಲದ ಒಗರಿನಿಂದ ಹದಮಾಡಿದ ಚರ್ಮವು ಗಾಳಿಯಲ್ಲಿನ ಗಂಧಕದ ಡೈಆಕ್ಸೈಡನ್ನು ಹೀರಿ, ಆಮ್ಲದಿಂದ ಕೆಂಪು ಪುಡಿಯಾಗುವ ರಾಸಾಯನಿಕ ಕ್ರಿಯೆ. ‘ಕೊಳೆತ’ವೆಂದು ಓದಿದ ಕನ್ನಡಿಗ ತೇವ, ಬೂಷ್ಟುಗಳನ್ನು ಹುಡುಕುತ್ತಾನೆ. ಇಂಗ್ಲಿಷಿನ ಹಳೆಯ ತಪ್ಪೊಂದಕ್ಕೆ ಕನ್ನಡದಲ್ಲಿ ಹೊಸ ಆಯುಷ್ಯ ಕೊಟ್ಟಂತಾಗುತ್ತದೆ.

ಇದಕ್ಕಿಂತ ಉಪಯುಕ್ತವಾದ ಮಾದರಿ ಲಂಡನ್ನಿನ ಲಿಗೇಟಸ್ ಕೇಂದ್ರದ ಪುಸ್ತಕಬಂಧಗಳ ಪದಕೋಶ. ಸಿನಾಯ್ ಪರ್ವತದ ಸಂತ ಕ್ಯಾಥರೀನ್ ಮಠದ ಗ್ರಂಥಗಳ ಸಮೀಕ್ಷೆಯ ಅನುಭವ ಅದರ ಹಿಂದಿದೆ. ಅದರ ವ್ಯಾಪ್ತಿಯೂ ನಮ್ಮ ವಸ್ತುಗಳನ್ನು ಮುಟ್ಟುವುದಿಲ್ಲ. ಆದರೆ ಅದರ ಕಟ್ಟಡ ಬೇರೆ. ಅಲ್ಲಿ ಮೊದಲು ಬರುವುದು ಪರಿಕಲ್ಪನೆ, ಅದರ ವ್ಯಾಖ್ಯೆ; ಪದಗಳು ಅದಕ್ಕೆ ಅಂಟಿಸಿದ ಚೀಟಿಗಳು. ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪದ ಪದಕೋಶವೂ ಇದೇ ತತ್ತ್ವದ್ದು. ಹಾಗೆಂದೇ ಅದಕ್ಕೆ ಡಚ್, ಸ್ಪ್ಯಾನಿಷ್, ಚೀನೀ ಪದಗಳನ್ನು ಜೋಡಿಸಲು ಸಾಧ್ಯವಾಯಿತು. ಒಂದೇ ಮನೆಯ ಪೆಟ್ಟಿಗೆಯಲ್ಲಿ ಎರಡು ಮೂರು ಭಾಷೆಯ ಗರಿಗಳಿರುವ ಕಾಸರಗೋಡಿನಂಥ ಪ್ರದೇಶಕ್ಕೆ ಬೇಕಾದದ್ದು ಇದೇ. ಕನ್ನಡದ ಕಂಠ, ಮಲಯಾಳದ ನಾರಾಯಂ, ತಮಿಳಿನ ಎಳುತ್ತಾಣಿ, ತೆಲುಗಿನ ಗಂಟಮು ಒಂದೇ ಪರಿಕಲ್ಪನೆಯ ಕೆಳಗೆ ನಿಲ್ಲಬಲ್ಲವು. ಯಾವುದು ‘ಮೂಲ’ ಎಂಬ ಜಗಳಕ್ಕೆ ಅಲ್ಲಿ ಎಡೆಯಿಲ್ಲ.

ಹಾಗಾದರೆ ಕನ್ನಡದಲ್ಲಿ ಪರಿಭಾಷೆಯೇ ಇಲ್ಲವೆ? ಇದೆ, ಆದರೆ ಅದು ಪಠ್ಯದ ಪರಿಭಾಷೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯಂಥ ಕೃತಿಗಳಿಂದ ಬೆಳೆದ ಶಾಸ್ತ್ರಕ್ಕೆ ಹಸ್ತಪ್ರತಿ ಮುಖ್ಯವಾಗಿ ಪಾಠದ ವಾಹಕ. ಸಂಪಾದಕರು ‘ಇಲ್ಲಿ ಗ್ರಂಥಪಾತವಾಗಿದೆ’ ಎಂದು ಬರೆದು ಮುಂದೆ ಸಾಗುತ್ತಾರೆ. ಅವರಿಗೆ ಅಷ್ಟು ಸಾಕು. ಸಂರಕ್ಷಕ ಅಲ್ಲಿಯೇ ನಿಲ್ಲುತ್ತಾನೆ: ಲಿಪಿಕಾರ ಸಾಲು ಬಿಟ್ಟನೆ, ಹುಳು ತಿಂದಿತೆ, ದಾರದ ರಂಧ್ರ ಹರಿದು ಗರಿಯ ತುಂಡು ಉದುರಿತೆ, ಅಥವಾ ಗೀರಿನೊಳಗಿನ ಮಸಿ ಮಾತ್ರ ಮಾಸಿ ಅಕ್ಷರ ಕಾಣದಾಗಿದೆಯೆ? ಕೊನೆಯದಾದರೆ ಪಾಠ ಕಳೆದೇ ಇಲ್ಲ. ಮಸಿ ತೊಡೆದರೆ ಓದಬಹುದು. ನಾಲ್ಕು ಬೇರೆ ಸ್ಥಿತಿಗಳನ್ನು ಒಂದು ಸುಂದರ ಸಂಸ್ಕೃತ ಸಮಾಸ ಮುಚ್ಚಿಬಿಟ್ಟಿದೆ.

‘ಓಲೆಗರಿ’ಯ ಕತೆಯೂ ಅಷ್ಟೆ. ತೆಳುವಾದ, ಬಾಗುವ ಶ್ರೀತಾಳೆಯ ಗರಿ ಬೇರೆ, ದಪ್ಪನೆಯ ಸಾಮಾನ್ಯ ತಾಳೆಯ ಗರಿ ಬೇರೆ. ಹರ್ನ್ಲೆ 1900ರಲ್ಲೇ ಈ ಭೇದವನ್ನು ವಿವರವಾಗಿ ಚರ್ಚಿಸಿದ್ದ. ನಮ್ಮ ಪಟ್ಟಿಗಳು ಇನ್ನೂ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿವೆ.

ನನ್ನ ಸಲಹೆ ಹೊಸಪದ ಟಂಕಿಸುವುದಲ್ಲ. ‘ಲೇಪಿತ ವಸ್ತ್ರಪುಸ್ತಕ’ದಂಥ ಹೆಸರು ಹಳ್ಳಿಯ ಶಾನುಭೋಗರ ಮನೆಯಲ್ಲಿ ಯಾರಿಗೂ ಅರ್ಥವಾಗದು. ಕಡತವೆಂಬ ಪದವನ್ನೇ ಉಳಿಸಿ, ಕಚೇರಿಯ ಅರ್ಥವನ್ನು ಬೇರೆ ನಮೂದಾಗಿ ಒಡೆಯಬೇಕು. ವಸ್ತುವಿನ ನಮೂದಿನಲ್ಲಿ ರಾಯದುರ್ಗ, ಮಡಕಶಿರಾ ಕಡೆಯ ಪಟ್ಟಿಗಳಿಗಾಗಿ ತೆಲುಗಿನ ‘ಕಡಿತಮು’ವನ್ನೂ ಸೇರಿಸಬೇಕು, ಲೇಪ, ಬಳಪ, ಮಡಿಕೆಗಳ ಚಿತ್ರವಿರಬೇಕು. ವ್ಯಾಖ್ಯೆಗೂ ಮೊದಲು, ದಪ್ಪಕ್ಷರದಲ್ಲಿ, ಒರೆಸಕೂಡದೆಂಬ ಎಚ್ಚರಿಕೆ ಇರಬೇಕು.