ಎಳೆ ಹಿಡಿಯುತ್ತೆ ಕಣಪ್ಪ

ಚಳ್ಳಕೆರೆ ಕಡೆಯ ಒಂದು ಕಾಲೇಜಿನ ವಸ್ತುಪ್ರದರ್ಶನ. ತ್ರೀಡಿ ಪ್ರಿಂಟರ್ ಇಟ್ಟಿದ್ದ ಮೇಜಿಗೆ ಜನ ಮುತ್ತಿದ್ದರು. ಹೆಬ್ಬೆರಳಿನಷ್ಟು ಗಣೇಶ, ಕೀಚೈನು, ಮೊಬೈಲ್ ಸ್ಟ್ಯಾಂಡು, ಜೊತೆಗೆ ಅಂಗೈಯಲ್ಲಿ ಹಿಡಿಸುವ ಒಂದು ಕೊಡ. ನಲ್ಲಿ ಮುಂದೆ ಸಾಲಾಗಿ ಇಟ್ಟಿರ್ತಾರಲ್ಲ, ಅದೇ ಪ್ಲಾಸ್ಟಿಕ್ ಕೊಡದ ಮರಿ. "ಎರಡು ಗಂಟೇಲಿ ಪ್ರಿಂಟ್ ಆಯ್ತು ಸಾರ್" ಅಂದ ಹುಡುಗ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅದನ್ನು ಎತ್ತಿಕೊಂಡು ಬಾಯೊಳಗೆ ಇಣುಕಿ, "ಇದ್ರಾಗೆ ನೀರು ನಿಲ್ಲುತ್ತೇನಪ್ಪ?" ಅಂದರು. ಹುಡುಗ ನಕ್ಕ. ನಾನೂ ನಕ್ಕೆ. ನಗಬಾರದಿತ್ತು. ಆ ಮೇಜಿನ ಮುಂದೆ ಆವತ್ತು ಯಾರಾದರೂ ವಿಮರ್ಶೆ ಅಂತ ಮಾಡಿದ್ದರೆ ಅದು ಅಜ್ಜಿ ಮಾತ್ರ.

ಯಾಕೆಂದರೆ ಹೆಚ್ಚಿನಂಶ ನಿಲ್ಲಲ್ಲ. ಈ ಪ್ರಿಂಟರ್ ಮಾಡೋದು ಚಕ್ಕುಲಿ ಒತ್ತುವ ಕೆಲಸ. ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಸುತ್ತು ಹಾಕುತ್ತಾ ಒಂದರ ಮೇಲೊಂದು ಪದರ ಕೂರಿಸುತ್ತೆ. ಪದರ ಪದರದ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ವಿಶೇಷ ಎಚ್ಚರ ವಹಿಸದಿದ್ದರೆ ನೀರು ಜಿನುಗುತ್ತೆ.

ಇನ್ನು ಅಸಲಿ ಕೊಡ. ಅದನ್ನು ನಾವ್ಯಾರೂ ಒಂದು ಕೃತಿ ಅಂತ ನೋಡಿದವರಲ್ಲ. ಅದರ ಎರಡೂ ಪಕ್ಕದಲ್ಲಿ ಕತ್ತಿನಿಂದ ಬುಡದವರೆಗೆ ಸಣ್ಣ ಗೆರೆಯೊಂದು ಇಳಿದಿರುತ್ತೆ, ಬೆರಳಾಡಿಸಿ ನೋಡಿ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಬಿಸಿಗೆ ಮೆತ್ತಗಾದ ಪ್ಲಾಸ್ಟಿಕ್ ಕೊಳವೆಯ ಹಾಗೆ ಮೇಲಿಂದ ಇಳಿಯುತ್ತೆ, ಎರಡು ಹೋಳು ಅದನ್ನು ಕಚ್ಚಿಕೊಳ್ಳುತ್ತವೆ, ಒಳಗೆ ಗಾಳಿ ಊದಿದರೆ ಉಬ್ಬಿ ಅಚ್ಚಿನ ಗೋಡೆಗೆ ಅಂಟಿ ತಣ್ಣಗಾಗುತ್ತೆ. ಬ್ಲೋ ಮೋಲ್ಡಿಂಗ್ ಅಂದರೆ ಇಷ್ಟೇ. ಬಲೂನಿನ ಥರ ಹೆಚ್ಚು ಹಿಗ್ಗಿದ ಕಡೆ ಗೋಡೆ ತೆಳು. ಅದಕ್ಕೇ ಕೊಡ ಸಾಮಾನ್ಯವಾಗಿ ಬುಡದ ಅಂಚಿನಲ್ಲೇ ಮೊದಲು ಬಿರುಕು ಬಿಡೋದು. ಆಕಾರ ಅದರ ಸ್ವಂತದ್ದಲ್ಲ, ಕುಂಬಾರರಿಂದಲೂ ಕಂಚುಗಾರರಿಂದಲೂ ಕದ್ದಿದ್ದು. ಆದರೆ ಚೆನ್ನಾಗಿ ಕದ್ದಿದೆ: ಹೊಟ್ಟೆ ಸೊಂಟದ ಮೇಲೆ ಕೂರುತ್ತೆ, ಕತ್ತು ತೋಳಿನ ಹಿಡಿತಕ್ಕೆ ಸಿಗುತ್ತೆ, ಸೈಕಲ್ಲಿಗೆ ಕಟ್ಟೋಕೆ ಹಗ್ಗವೂ ಅಲ್ಲೇ ನಿಲ್ಲುತ್ತೆ. ತುಂಬಿದ ತಾಮ್ರದ ಕೊಡ ಹೊತ್ತು ಮೈಲಿಗಟ್ಟಲೆ ನಡೆದವರಿಗೆ ಇದರ ಹಗುರ ಏನಂತ ಗೊತ್ತು. ದೋಷ ಇಲ್ಲ ಅಂತಲ್ಲ. ನಮ್ಮ ಕಡೆ ಬಿಸಿಲಿಗೆ ಎರಡು ಬೇಸಿಗೆ ಇಟ್ಟರೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಪೆಡಸಾಗುತ್ತೆ.

ಇಂಥ ಕೊಡದ ಗೊಂಬೆಯನ್ನು ಎರಡು ಗಂಟೆ ಕೂತು ಪ್ರಿಂಟ್ ಮಾಡೋದು, ಜೆರಾಕ್ಸ್ ಅಂಗಡಿಯ ಪಕ್ಕ ಕೂತು ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿದ ಹಾಗೆ. ಅಚ್ಚು ಮಾಡಿಸೋಕೆ ಲಕ್ಷಗಟ್ಟಲೆ ಖರ್ಚು, ನಿಜ. ಆದರೆ ಒಮ್ಮೆ ಅಚ್ಚು ನಿಂತರೆ ಲಕ್ಷ ಕೊಡ ಉದುರುತ್ತೆ, ಒಂದೊಂದರ ಪಾಲಿಗೆ ಆ ಖರ್ಚು ಪುಡಿಗಾಸು. ಪ್ರಿಂಟರಿಗೆ ಅಚ್ಚೇ ಬೇಡ. ಹಾಗಾಗಿ ಒಂದೇ ಒಂದು ಬೇಕಾದಾಗ ಅದಕ್ಕೆ ಬೆಲೆ. 2024ರ ಮೇ 9ರಂದು ಇಸ್ರೋ ಪಿಎಸ್‌4 ಎಂಜಿನ್ನನ್ನು ಉರಿಸಿ ಪರೀಕ್ಷಿಸಿತಲ್ಲ, ಪ್ಲಾಸ್ಟಿಕ್ಕಲ್ಲ, ಲೋಹದ ಪ್ರಿಂಟು. ಮುಂಚೆ 14 ಬಿಡಿಭಾಗ ಇದ್ದದ್ದು ಒಂದೇ ತುಂಡಾಯಿತು, 19 ಬೆಸುಗೆ ತಪ್ಪಿತು. ರಾಕೆಟ್ಟನ್ನು ಯಾರೂ ಲಕ್ಷದ ಲೆಕ್ಕದಲ್ಲಿ ಮಾಡಲ್ಲ. ಅಲ್ಲಿ ಪ್ರಿಂಟಿಂಗ್ ಸರಿಯಾದ ಜಾಗದಲ್ಲಿ ಕೂತಿದೆ. ಇಸ್ರೋದ ರೆಕ್ಕೆಯ ವಾಹನ ಪೈಲಟ್ ಇಲ್ಲದೆ ಬಂದಿಳಿದ ಚಳ್ಳಕೆರೆ ತಾಲ್ಲೂಕಿನಲ್ಲೇ ನಾವು ಕೀಚೈನು ಒತ್ತುತ್ತಾ ಕೂತಿದ್ದೇವೆ.

ಹುಡುಗರನ್ನೇ ಅಂದು ಪ್ರಯೋಜನ ಇಲ್ಲ. ಬೆಂಗಳೂರಲ್ಲಿ ನನ್ನ ಫ್ಲ್ಯಾಟಿನ ಮೂಲೆಯಲ್ಲೂ ಒಂದು ಪ್ರಿಂಟರ್ ಇದೆ. ಕರಗಿಸಿ ಎಳೆ ಒತ್ತುವ ಈ ವಿಧಾನದ ಮೂಲ ಪೇಟೆಂಟ್ ಅವಧಿ 2009ರಲ್ಲಿ ಮುಗಿದ ಮೇಲೇ ಅಲ್ವಾ ನಮ್ಮಂಥವರ ಕೈಗೆ ಇವು ಸಿಕ್ಕಿದ್ದು. ನಾನೂ ಗೂಬೆ, ಡೈನೋಸಾರ್, ಇಯರ್‌ಫೋನ್ ಕೊಕ್ಕೆ ಎಲ್ಲ ಒತ್ತಿದವನೇ. ಕಾರಿಗೆ ಅಂತ ಮಾಡಿದ ಫೋನ್ ಸ್ಟ್ಯಾಂಡು ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಧ್ಯಾಹ್ನ ನಿಲ್ಲಿಸಿದ್ದಕ್ಕೆ ಬಾಳೆ ಎಲೆಯಂತೆ ಬಾಗಿತ್ತು. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತೆ. ಗಾಜು ಮುಚ್ಚಿದ ಕಾರೊಳಗೆ ಬೇಸಿಗೆಯಲ್ಲಿ ಆ ಬಿಸಿ ದೊಡ್ಡದಲ್ಲ.

ನನ್ನ ಕಣ್ಣು ತೆರೆಸಿದ್ದು ಮೊಳಕಾಲ್ಮೂರಿನ ಚಿಕ್ಕಮ್ಮ. ಅವರ ಮನೆಯಲ್ಲಿ ರೇಷ್ಮೆ ಸೀರೆ ಮಗ್ಗ. ಮಗ್ಗದ ಮೇಲೆ ಚಿಕ್ಕಪ್ಪ, ಕಂಡಿಕೆ ಸುತ್ತೋದು ಚಿಕ್ಕಮ್ಮ. ಕಂಡಿಕೆ ಸುತ್ತುವ ರಾಟೆಯಲ್ಲಿ ಎಳೆ ದಾಟಿ ಬರೋಕೆ ಬಳೆಯಂಥ ಒಂದು ಪ್ಲಾಸ್ಟಿಕ್ ತುಂಡು ಇರುತ್ತೆ. ಅದು ಮುರಿದಿತ್ತು. ಅದೇ ಅಳತೆಯದ್ದು ಅಂಗಡಿಯಲ್ಲಿ ಸಿಗ್ತಿರಲಿಲ್ಲ. ಒಂದೇ ಒಂದು ಬೇಕು, ಅಚ್ಚು ಹಾಕಿಸೋರಿಲ್ಲ. ನನಗೋ ಹಬ್ಬ. ಅಳತೆ ತೆಗೆದು, ಬೆಂಗಳೂರಲ್ಲಿ ನಲವತ್ತು ನಿಮಿಷದಲ್ಲಿ ಒತ್ತಿ, ಮುಂದಿನ ವಾರ ಹಾನಗಲ್ ಕ್ರಾಸಿನಲ್ಲಿ ತಿರುಗಿ ಊರಿಗೆ ಒಯ್ದೆ.

ಚಿಕ್ಕಮ್ಮ ಅದನ್ನು ಕಣ್ಣಲ್ಲಿ ನೋಡಲೇ ಇಲ್ಲ. ಉಗುರು ಆಡಿಸಿದರು. ಕರಕರ ಅಂತು. "ಎಳೆ ಹಿಡಿಯುತ್ತೆ ಕಣಪ್ಪ" ಅಂದು ವಾಪಸ್ ಕೊಟ್ಟರು. ಆಗಲಿ ನೋಡೋಣ ಅಂತ ನಾನೇ ಕೂರಿಸಿದೆ. ಹತ್ತು ಸುತ್ತು ಆಗಿರಲಿಲ್ಲ, ರೇಷ್ಮೆ ಎದ್ದು ನಾರುನಾರಾಯಿತು, ಆಮೇಲೆ ಕಿತ್ತುಹೋಯಿತು.

ನನ್ನ ಪದರದ ದಪ್ಪ 0.2 ಮಿಲಿಮೀಟರ್. ಫೋಟೋದಲ್ಲಿ ನಯವಾಗೇ ಕಾಣುತ್ತೆ. ರೇಷ್ಮೆಗೆ ಅದು ಗರಗಸ. ಮುರಿದುಹೋದ ಹಳೇ ತುಂಡು ಮುಟ್ಟಿ ನೋಡಿದೆ, ಗಾಜಿನ ಹಾಗಿತ್ತು. ಆ ನುಣುಪು ಪ್ಲಾಸ್ಟಿಕ್ಕಿನದಲ್ಲ, ಅಚ್ಚಿನದು. ಉಕ್ಕಿನ ಅಚ್ಚನ್ನು ಯಾರೋ ವಜ್ರದ ಪೇಸ್ಟ್ ಹಚ್ಚಿ ದಿನಗಟ್ಟಲೆ ಉಜ್ಜಿರ್ತಾರೆ. ಅವರು ಒಂದು ಸಲ ಉಜ್ಜಿದ್ದು ಲಕ್ಷ ತುಂಡಿಗೆ ಇಳಿಯುತ್ತೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಜಿಟಿಟಿಸಿ ಇವತ್ತಿಗೂ ಅಚ್ಚು ಮಾಡೋ ವಿದ್ಯೆ ಕಲಿಸುತ್ತೆ. ಅಲ್ಲಿಂದ ಬಂದ ಹುಡುಗರನ್ನು ಯಾವ ಪ್ರದರ್ಶನದ ವೇದಿಕೆಗೂ ಕರೆದದ್ದು ನಾನಂತೂ ನೋಡಿಲ್ಲ. ವೇದಿಕೆ ಮೇಲೆ ಕೂರೋದು ನನ್ನಂಥ ಗೂಬೆ ಒತ್ತುವವರು.

ಹಾಗಂತ ಪ್ರಿಂಟರನ್ನು ಅಟ್ಟಕ್ಕೆ ಹಾಕಲಿಲ್ಲ. ಸಂತೆಯಲ್ಲಿ ಒಡೆದ ಕೊಡಕ್ಕೆ ತೇಪೆ ಹಾಕ್ತಿದ್ದವರು ನೆನಪಾದರು. ಚಿಕ್ಕವನಿದ್ದಾಗ ಕೂತು ನೋಡ್ತಿದ್ದೆ. ಒಲೆಯಲ್ಲಿ ಕಾಯಿಸಿದ ಕಬ್ಬಿಣದ ಸಲಾಕೆ, ಹಳೇ ಕೊಡದ್ದೇ ಒಂದು ಚೂರು. ಬೇರೆ ಜಾತಿ ಪ್ಲಾಸ್ಟಿಕ್ ಕೂಡಲ್ಲ ಅಂತ ಅವರಿಗೆ ಗೊತ್ತಿತ್ತು. ಚೂರನ್ನು ಕರಗಿಸಿ ಬಿರುಕಿನ ಉದ್ದಕ್ಕೂ ಎಳೆ ಎಳೆಯಾಗಿ ಇಡ್ತಾ, ಕೊನೆಗೆ ಸಲಾಕೆ ಬೆನ್ನಿನಿಂದ ಒತ್ತಿ ನುಣ್ಣಗೆ ಮಾಡಿ, ನೀರು ತುಂಬಿಸಿ ಎತ್ತಿ ತೋರಿಸಿ ಆಮೇಲೆ ದುಡ್ಡು ಕೇಳ್ತಿದ್ದರು. ನನ್ನ ಯಂತ್ರ ಮಾಡೋದೂ ಅದೇ ಕೆಲಸ, ಕೊನೆಯ ಎರಡು ಹಂತ ಬಿಟ್ಟು.

ಆ ಎರಡು ಹಂತವನ್ನು ನಾನು ಕೈಯಲ್ಲಿ ಮಾಡಿದೆ. ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ನೀರು ಹಾಕಿಕೊಂಡು ಇನ್ನೂ ನಯದ್ದು. ಒಳಗಿನ ಸುತ್ತಿಗೆ ಬೆರಳು ಹೋಗಲ್ಲ, ಕಿವಿ ಕಡ್ಡಿಗೆ ಸುತ್ತಿ ಉಜ್ಜಿದೆ. ನಲವತ್ತು ನಿಮಿಷದ ಪ್ರಿಂಟಿಗೆ ಮೂರು ಸಂಜೆ. ಮೂರನೇ ತುಂಡಿಗೆ ಚಿಕ್ಕಮ್ಮನ ಉಗುರು ಸದ್ದಿಲ್ಲದೆ ಜಾರಿತು.

ಯುಗಾದಿಗೆ ಹೋದಾಗ ರಾಟೆ ತಿರುಗ್ತಾ ಇತ್ತು. ಹೊಗಳಿಕೆ ಏನೂ ಬರಲಿಲ್ಲ. "ಇನ್ನೆರಡು ಮಾಡ್ಕಂಡು ಬಾ. ಕರೇದು ಬ್ಯಾಡ, ಎಳೆ ಕಾಣಲ್ಲ. ಬೆಳ್ಳಂದು ತಾ" ಅಂದರು.